ಕಟ್ಟಿದ ತೆರಿಗೆಗೆ ಲೆಕ್ಕ ಕೇಳುವುದು ಹೇಗೆ

ಸಂಬಳ ಕೈಗೆ ಬರುವ ಮೊದಲೇ ಟಿಡಿಎಸ್ ಮುರಿದುಕೊಂಡಿರುತ್ತಾರೆ. ಉಳಿದ ದುಡ್ಡಿನಲ್ಲಿ ಏನು ಕೊಂಡರೂ ಜಿಎಸ್‌ಟಿ, ಗಾಡಿಗೆ ಪೆಟ್ರೋಲ್ ಹಾಕಿಸಿದರೆ ಬೇರೆ ತೆರಿಗೆ, ಏಪ್ರಿಲ್ ಬಂದರೆ ಮನೆ ಕಂದಾಯ. ಇಷ್ಟೆಲ್ಲ ಕಟ್ಟಿಯೂ ಮನೆ ಮುಂದೆ ಗುಂಡಿ ಬಿದ್ದ ರಸ್ತೆ. ಯಾರು ಬಂದರೂ ಇಷ್ಟೇ, ಎಲ್ಲಾ ಪಕ್ಷದವರೂ ಒಂದೇ ಎಂಬ ಬೇಸರ ಮಧ್ಯಮ ವರ್ಗದ ಮನೆಗಳಲ್ಲಿ ತುಂಬಿದೆ, ಅದಕ್ಕೆ ಕಾರಣವೂ ಇದೆ. ತೊಂದರೆ ಏನೆಂದರೆ, ಆ ಬೇಸರ ಯಾವ ಕಚೇರಿಯ ಟಪಾಲಿಗೂ ಹೋಗಿ ಸೇರುವುದಿಲ್ಲ. 'ವ್ಯವಸ್ಥೆಯೇ ಕೆಟ್ಟಿದೆ' ಎಂಬ ಮಾತಿಗೆ ಉತ್ತರ ಕೊಡಬೇಕಾದ ಅಧಿಕಾರಿ ಎಲ್ಲೂ ಇಲ್ಲ. 'ನಮ್ಮ ಅಡ್ಡರಸ್ತೆಯ ಡಾಂಬರಿನ ಅಳತೆ ಪುಸ್ತಕದ ಪ್ರತಿ ಕೊಡಿ' ಎಂಬ ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಲೇಬೇಕಾದ ಅಧಿಕಾರಿ ಇದ್ದಾರೆ, ಕೊಡದಿದ್ದರೆ ಅವರ ಜೇಬಿನಿಂದಲೇ ದಂಡ ಹೋಗಬಹುದು.

ಆ ಅರ್ಜಿಯ ತನಕ ಹೋಗುವ ದಾರಿ, ಅದರಾಚೆಯ ದಾರಿ ಇಲ್ಲಿದೆ. ಉದಾಹರಣೆಗಳು ಬೆಂಗಳೂರಿನವು. ಮೈಸೂರು, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ಯಾವ ಊರಿನ ಪಾಲಿಕೆ ಅಥವಾ ಪುರಸಭೆಯಾದರೂ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಒಂದು ಹಾಳೆಯಲ್ಲಿ ನಿಮ್ಮದೇ ಲೆಕ್ಕ

ಹಾಳೆಯಲ್ಲಿ ಮೂರು ಅಂಕಣ ಹಾಕಿ: ಕೇಂದ್ರ, ರಾಜ್ಯ, ಪಾಲಿಕೆ. ಫಾರ್ಮ್ 16 (ಸಂಬಳದಲ್ಲಿ ಮುರಿದುಕೊಂಡ ತೆರಿಗೆಗೆ ಕಂಪನಿ ಕೊಡುವ ಪತ್ರ), ಕರೆಂಟ್ ಬಿಲ್, ಆಸ್ತಿ ತೆರಿಗೆ ರಸೀದಿ ಮುಂದಿಟ್ಟುಕೊಳ್ಳಿ. ಒಂದು ಗಂಟೆಯ ಕೆಲಸ.

ವರ್ಷಕ್ಕೆ 15 ಲಕ್ಷ ರೂಪಾಯಿ ಸಂಬಳ, ಹೊಸ ತೆರಿಗೆ ಪದ್ಧತಿ, 2025-26ನೇ ಹಣಕಾಸು ವರ್ಷ ಎಂದು ಹಿಡಿಯೋಣ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 14,25,000. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗೆ ಶೇ 5ರಂತೆ 20,000, 8ರಿಂದ 12ರವರೆಗೆ ಶೇ 10ರಂತೆ 40,000, ಉಳಿದ 2,25,000ಕ್ಕೆ ಶೇ 15ರಂತೆ 33,750. ಒಟ್ಟು 93,750. ಅದರ ಮೇಲೆ ಶೇ 4 ಸೆಸ್, 3,750. ಎಲ್ಲ ಸೇರಿ 97,500 ರೂಪಾಯಿ.

ಇಲ್ಲಿ ಸೆಸ್ಸನ್ನು ಬೇರೆ ಬರೆದುಕೊಳ್ಳಿ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ, ಸಂಗ್ರಹದ ಖರ್ಚು ಕಳೆದು, ಶೇ 41ರಷ್ಟನ್ನು ಎಲ್ಲ ರಾಜ್ಯಗಳಿಗೆ ಹಂಚಬೇಕೆಂದು 15ನೇ ಹಣಕಾಸು ಆಯೋಗ ಹೇಳಿತ್ತು. ಸೆಸ್, ಸರ್ಚಾರ್ಜ್ ಎರಡೂ ಹಂಚುವ ಗಂಟಿಗೆ ಸೇರುವುದಿಲ್ಲ, ಪೂರ್ತಿ ಕೇಂದ್ರದಲ್ಲೇ ಉಳಿಯುತ್ತವೆ. ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಕಾಲದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ (2021-26) ಶೇ 3.647ಕ್ಕೆ ಇಳಿಯಿತು. ದೆಹಲಿಯವರು ಕೊಡಲಿಲ್ಲ ಎಂದು ಬೆಂಗಳೂರು, ಬೆಂಗಳೂರಿನವರು ಖರ್ಚು ಮಾಡಲಿಲ್ಲ ಎಂದು ದೆಹಲಿ ವಾದ ಮಾಡುವಾಗ ಈ ಎರಡು ಸಂಖ್ಯೆ ಗೊತ್ತಿದ್ದರೆ, ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ನೀವೇ ತೂಗಬಹುದು. ಎರಡೂ ಕಡೆಯವರು ಅರ್ಧರ್ಧ ಲೆಕ್ಕ ಹೇಳುವುದೇ ಹೆಚ್ಚು.

ರಾಜ್ಯದ ಅಂಕಣಕ್ಕೆ ಬನ್ನಿ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಗೆ ಸೇರಿಲ್ಲ. ಕೇಂದ್ರದ ಅಬಕಾರಿ ಸುಂಕದ ಜೊತೆಗೆ ರಾಜ್ಯದ ಮಾರಾಟ ತೆರಿಗೆ ಬೀಳುತ್ತದೆ. ಪೆಟ್ರೋಲ್ ಮೇಲಿನ ಈ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿಸಲಾಯಿತು. ಕರೆಂಟ್ ಬಿಲ್ಲಿನಲ್ಲಿ 'ತೆರಿಗೆ' ಎಂದು ಬೇರೆ ಸಾಲಿನಲ್ಲಿ ಕಾಣುವ ಶೇ 9 ರಾಜ್ಯಕ್ಕೆ ಹೋಗುತ್ತದೆ, ಕರೆಂಟ್ ಕೊಡುವ ಕಂಪನಿಗಲ್ಲ. ತಿಂಗಳಿಗೆ 25,000ಕ್ಕಿಂತ ಹೆಚ್ಚು ಸಂಬಳವಿದ್ದರೆ ವೃತ್ತಿ ತೆರಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ 2,500. ಆ ವರ್ಷ ಆಸ್ತಿ ಕೊಂಡಿದ್ದರೆ ಮುದ್ರಾಂಕ ಶುಲ್ಕ, ಜೊತೆಗೆ ನೋಂದಣಿ ಶುಲ್ಕ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ.

ಪಾಲಿಕೆಯ ಅಂಕಣದಲ್ಲಿ ಹೆಚ್ಚಿನವರು ನೋಡದೇ ಬಿಡುವ ಒಂದು ಸಾಲಿದೆ. ಆಸ್ತಿ ತೆರಿಗೆ ರಸೀದಿಯಲ್ಲಿ ತೆರಿಗೆಯ ಕೆಳಗೆ 'ಕರಗಳು' ಎಂದು ಇನ್ನೊಂದು ಮೊತ್ತ ಇರುತ್ತದೆ. ಬೆಂಗಳೂರಿನಲ್ಲಿ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಮೂರೂ ಸೇರಿ ತೆರಿಗೆಯ ಶೇ 24. ತೆರಿಗೆ 6,000 ಆದರೆ ಕರ 1,440. ಅದರಲ್ಲಿ 360 ರೂಪಾಯಿ ಗ್ರಂಥಾಲಯದ್ದು, 180 ನಿರಾಶ್ರಿತರ ಪರಿಹಾರ ಕೇಂದ್ರಗಳದ್ದು. ಪಾಲಿಕೆ ಇದನ್ನು ವಸೂಲಿ ಮಾಡಿ ಆಯಾ ಇಲಾಖೆಗೆ ದಾಟಿಸಬೇಕು, ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಬಂದು ವರ್ಷಗಳಾಗಿದ್ದರೆ, ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ದಾಟಿತು, ಎಷ್ಟು ಬಾಕಿ ಎಂಬ ಮೂರು ಸಂಖ್ಯೆ ಕೇಳಿ. ಸುಲಭದ, ಆದರೆ ಬಹಳ ಪರಿಣಾಮದ ಅರ್ಜಿ ಅದು. 2025ರ ಏಪ್ರಿಲ್‌ನಿಂದ ಕಸ ವಿಲೇವಾರಿ ಶುಲ್ಕವೂ ಆಸ್ತಿ ತೆರಿಗೆಯ ಜೊತೆಗೇ ಬರುತ್ತಿದೆ. ಕಟ್ಟಡದ ಅಳತೆ ನೋಡಿ ಮನೆಗಳಿಗೆ ತಿಂಗಳಿಗೆ 10ರಿಂದ 400 ರೂಪಾಯಿ.

ಈ ಹಾಳೆಯಿಂದ ಮುಖ್ಯವಾಗಿ ಒಂದು ವಿಷಯ ಸ್ಪಷ್ಟವಾಗುತ್ತದೆ: ಯಾವುದಕ್ಕೆ ಯಾರನ್ನು ಕೇಳಬೇಕು ಎಂಬುದು. ಅಡ್ಡರಸ್ತೆ, ಚರಂಡಿ, ಬೀದಿದೀಪ ಪಾಲಿಕೆಯದು. ನೀರು, ಒಳಚರಂಡಿ ಜಲಮಂಡಳಿಯದು. ಗುಂಡಿ ವಿಚಾರಕ್ಕೆ ಸಂಸದರನ್ನು ಬೈದರೆ ಅವರಿಗೂ ನಿರಾಳ, ಪಾಲಿಕೆಗೂ ನಿರಾಳ. ಬೆಂಗಳೂರಿನಲ್ಲಿ ಈ ಗೊಂದಲ ಹೆಚ್ಚಲು ಇನ್ನೊಂದು ಕಾರಣವಿದೆ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯದೆ, ವಾರ್ಡಿಗೆ ಇಂಥವರು ಎಂದು ಹೊಣೆ ಹೊರುವ ಕಾರ್ಪೊರೇಟರ್ ಇಲ್ಲದೆ ಹೋಯಿತು. 2025ರ ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ಪಾಲಿಕೆಗಳಾಗಿವೆ. ವಾರ್ಡಿನ ಗಡಿ, ಹೆಸರು, ಸಂಖ್ಯೆ ಬದಲಾಗಿವೆ. ಹಳೇ ವಾರ್ಡ್ ಸಂಖ್ಯೆ ಬರೆದು ಅರ್ಜಿ ಹಾಕಿದರೆ 'ನಮಗೆ ಸಂಬಂಧಿಸಿಲ್ಲ' ಎಂದು ವಾಪಸ್ ಬರುವ ಸಾಧ್ಯತೆ ಹೆಚ್ಚು.

ಒಂದೇ ಒಂದು ಕಾಮಗಾರಿ ಹಿಡಿಯಿರಿ

ಇಡೀ ವಾರ್ಡಿನ ಐದು ವರ್ಷದ ಖರ್ಚು ಕೇಳಬೇಡಿ. ಸಾವಿರಾರು ಪುಟದ ಶುಲ್ಕ ಕಟ್ಟಿ ಎಂಬ ಪತ್ರ ಬರುತ್ತದೆ, ಅಲ್ಲಿಗೆ ಉತ್ಸಾಹ ಮುಗಿಯುತ್ತದೆ. ನೀವು ದಿನಾ ಓಡಾಡುವ ಒಂದು ರಸ್ತೆ, ಕಳೆದ ಒಂದೆರಡು ವರ್ಷದಲ್ಲಿ ಡಾಂಬರು ಕಂಡದ್ದು, ಅದೊಂದೇ ಸಾಕು.

ಕಾಗದ ಕೇಳುವ ಮೊದಲು ರಸ್ತೆಯನ್ನು ನೀವೇ ಅಳೆಯಿರಿ. 30 ಮೀಟರ್ ಟೇಪು, ಜೊತೆಗೊಬ್ಬರು ಇದ್ದರೆ ಭಾನುವಾರ ಬೆಳಿಗ್ಗೆ ವಾಹನ ಕಡಿಮೆ ಇರುವಾಗ ಅರ್ಧ ಗಂಟೆ. ಉದ್ದ ಒಂದು ಸಲ, ಅಗಲ ಮೂರು ಕಡೆ ಅಳೆದು ಸರಾಸರಿ. ಅಗಲ ಎಂದರೆ ಡಾಂಬರು ಇರುವಷ್ಟು ಮಾತ್ರ, ಚರಂಡಿಯಿಂದ ಚರಂಡಿಗೆ ಅಲ್ಲ. ದಪ್ಪ ಗೊತ್ತಾಗಬೇಕೆಂದರೆ, ಜಲಮಂಡಳಿಯವರೋ ಕೇಬಲ್‌ನವರೋ ಅಗೆದ ಜಾಗ ಸಿಕ್ಕಾಗ ಅಂಚಿಗೆ ಸ್ಕೇಲ್ ಹಿಡಿದು ಫೋಟೊ ತೆಗೆದಿಡಿ. ಹಳೇ ಪದರ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಹೊಸದು ಕಪ್ಪಗಿರುತ್ತದೆ. ನಡುವೆ ಗೆರೆ ಕಾಣುತ್ತದೆ.

ಈಗ ಲೆಕ್ಕ. 300 ಮೀಟರ್ ಉದ್ದ, 6 ಮೀಟರ್ ಅಗಲದ ರಸ್ತೆ ಎಂದರೆ 1,800 ಚದರ ಮೀಟರ್. ಅಂದಾಜು ಪಟ್ಟಿಯಲ್ಲಿ 40 ಮಿಲಿಮೀಟರ್ ದಪ್ಪದ ಮೇಲ್ಪದರ ಇದ್ದರೆ 72 ಘನ ಮೀಟರ್. ರೋಲರ್ ಹೊಡೆದು ಗಟ್ಟಿಯಾದ ಡಾಂಬರು ಮಿಶ್ರಣ ಘನ ಮೀಟರಿಗೆ ಸುಮಾರು 2.4 ಟನ್ ತೂಗುತ್ತದೆ, ಆದ್ದರಿಂದ ಸುಮಾರು 173 ಟನ್ ಬೇಕು. ಟಿಪ್ಪರಿಗೆ 16 ಟನ್ ಎಂದು ಹಿಡಿದರೆ ಹನ್ನೊಂದು ಲೋಡ್. ಅದೇ ರಸ್ತೆಗೆ 25 ಮಿಲಿಮೀಟರ್ ಹಾಕಿದರೆ ಸುಮಾರು 108 ಟನ್, ಏಳು ಲೋಡಿಗೆ ಮುಗಿಯುತ್ತದೆ. ಹನ್ನೊಂದಕ್ಕೆ ಬಿಲ್ ಆಗಿ ಏಳು ಬಂದಿದ್ದರೆ ಮಿಕ್ಕ ನಾಲ್ಕು ಲೋಡಿನ ದುಡ್ಡು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ತಾನೇ ಹುಟ್ಟುತ್ತದೆ. ನಿಮ್ಮ ರಸ್ತೆಗೆ ಡಾಂಬರು ಹಾಕುವ ದಿನ ಮನೆಯಲ್ಲಿದ್ದರೆ ಲೋಡ್ ಎಣಿಸಿ. ಟಿಪ್ಪರ್ ಚಾಲಕರ ಬಳಿ ತೂಕದ ಚೀಟಿ ಇರುತ್ತದೆ. ಪ್ಲಾಂಟಿನಿಂದ ಹೊರಟ ಸಮಯ, ನಿವ್ವಳ ತೂಕ ಎರಡೂ ಅದರಲ್ಲಿವೆ. ಒಳ್ಳೆಯ ಮಾತಿನಲ್ಲಿ ಕೇಳಿದರೆ ಎಷ್ಟೋ ಸಲ ತೋರಿಸುತ್ತಾರೆ.

ಅದೇ ದಿನ ಗಮನಿಸಬೇಕಾದ್ದು ಇನ್ನೂ ಇದೆ. ಹಳೇ ರಸ್ತೆಯನ್ನು ಗುಡಿಸಿ, ಧೂಳು ತೆಗೆದು, ತೆಳ್ಳಗೆ ಡಾಂಬರು ದ್ರಾವಣ ಸಿಂಪಡಿಸಿದ ಮೇಲೆ ಹೊಸ ಪದರ ಹಾಸಬೇಕು. ಧೂಳಿನ ಮೇಲೇ ಹಾಸಿದ ಪದರ ಹಳೆಯದಕ್ಕೆ ಅಂಟುವುದಿಲ್ಲ. ಮೊದಲ ಮಳೆಗೆ ಹಪ್ಪಳದ ಹಾಗೆ ಏಳುತ್ತದೆ. ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ 140 ಡಿಗ್ರಿಗೆ ಕಡಿಮೆ ಇರಬಾರದು, 90 ಡಿಗ್ರಿಗೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ಸಂಚಾರದಲ್ಲಿ ಗಂಟೆಗಟ್ಟಲೆ ಸಿಕ್ಕಿಬಿದ್ದು ಬಂದ ಲೋಡು ಆರಿಹೋಗಿರುತ್ತದೆ, ಅದು ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಜಲ್ಲಿ ಬೇಗ ಕಿತ್ತು ಬರುತ್ತದೆ. ಎಂಜಿನಿಯರ್ ಬಳಿ ಥರ್ಮಾಮೀಟರ್ ಇರಬೇಕು. ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಹಳೆಯ ಪದರ ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತ ಹೋದರೆ ರಸ್ತೆ ಮನೆಯ ಹೊಸ್ತಿಲಿಗಿಂತ ಎತ್ತರವಾಗುತ್ತದೆ, ಮಳೆನೀರು ಅಂಗಳಕ್ಕೆ ನುಗ್ಗುತ್ತದೆ. ಕೆರೆಯುವುದು ಅಂದಾಜು ಪಟ್ಟಿಯಲ್ಲಿ ಬಾಬತ್ತಾಗಿ ಸೇರಿದೆಯೇ ಎಂದು ಮುಂಚೆಯೇ ನೋಡಿಕೊಂಡರೆ ಅಂದೇ ಆಕ್ಷೇಪಿಸಬಹುದು.

ಮಾಹಿತಿ ಹಕ್ಕಿನ ಅರ್ಜಿ

2005ರ ಮಾಹಿತಿ ಹಕ್ಕು ಕಾಯ್ದೆ ಇಡೀ ದೇಶಕ್ಕೆ ಒಂದೇ, ಆದರೆ ರಾಜ್ಯಗಳ ನಿಯಮ ಬೇರೆ ಬೇರೆ. ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಪಾಡುಗಳಿವೆ: ಒಂದು ಅರ್ಜಿಗೆ ಒಂದೇ ವಿಷಯ, ಮತ್ತು ಸಾಮಾನ್ಯವಾಗಿ 150 ಪದದ ಮಿತಿ. ಇಲ್ಲಿ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಈ ಎರಡರಲ್ಲೇ. ರಸ್ತೆ, ಚರಂಡಿ, ಪಾರ್ಕು ಮೂರನ್ನೂ ಸೇರಿಸಿ ಬರೆದರೆ ಒಂದಕ್ಕೆ ಮಾತ್ರ ಉತ್ತರ, ಇಲ್ಲವೇ ತಿರಸ್ಕಾರ.

ಶುಲ್ಕ 10 ರೂಪಾಯಿ. ರಾಜ್ಯದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲೂ ಹಾಕಬಹುದು, ಕಚೇರಿಯಲ್ಲಿ ನಗದು ಕಟ್ಟಿ ರಸೀದಿ ಪಡೆಯಬಹುದು, ಪೋಸ್ಟಲ್ ಆರ್ಡರ್ ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಬಹುದು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಕಾಗದದಲ್ಲಿ ಹಾಕುವುದಾದರೆ ನಮೂನೆ 'ಎ'ಯಲ್ಲಿ, ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಮುಂದೆ ಮೇಲ್ಮನವಿಗೆ ಆ ದಿನಾಂಕವೇ ಆಧಾರ.

ಅರ್ಜಿಯ ಒಕ್ಕಣೆ ಹೀಗಿದ್ದರೆ ಸಾಕು:

'ವಿಷಯ: ……… ಬಡಾವಣೆ, ……ನೇ ಅಡ್ಡರಸ್ತೆಯ (……ನೇ ಮುಖ್ಯರಸ್ತೆಯಿಂದ ……ನೇ ಮುಖ್ಯರಸ್ತೆಯವರೆಗೆ) ಡಾಂಬರೀಕರಣ ಕಾಮಗಾರಿ, 2024-25.

ಈ ಕಾಮಗಾರಿಗೆ ಸಂಬಂಧಿಸಿದ ಕೆಳಕಂಡ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸುವುದು: ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ, ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ನಮೂದಾಗಿರುವ ಪುಟ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಯಾದ ಬಿಲ್ಲುಗಳು, ಗುಣಮಟ್ಟ ಪರೀಕ್ಷಾ ವರದಿಗಳು, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ. ಪ್ರತಿ ಮಾಡುವ ಮೊದಲು ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನ ಮತ್ತು ಸಮಯವನ್ನು ತಿಳಿಸುವುದು.'

ಕೊನೆಯ ವಾಕ್ಯ ಬಿಡಬೇಡಿ. ಕಡತ ಕಣ್ಣಾರೆ ನೋಡಿದರೆ ಬೇಕಾದ ಇಪ್ಪತ್ತು ಪುಟಕ್ಕೆ ಮಾತ್ರ ದುಡ್ಡು ಕಟ್ಟಬಹುದು. ಪುಟಕ್ಕೆ 2 ರೂಪಾಯಿ.

'ಏಕೆ' ಎಂದು ಶುರುವಾಗುವ ಪ್ರಶ್ನೆ ಬರೆಯಬೇಡಿ. ರಸ್ತೆ ಏಕೆ ಹಾಳಾಗಿದೆ, ಕ್ರಮ ಏಕೆ ಕೈಗೊಂಡಿಲ್ಲ ಎಂಬುದು ಮಾಹಿತಿಯಲ್ಲ, ಅಭಿಪ್ರಾಯ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಅಧಿಕಾರಿಯ ಹೊಣೆ. ಕೇಳುವುದನ್ನು ದಾಖಲೆಯ ಹೆಸರು ಹಿಡಿದೇ ಕೇಳಬೇಕು. ಯಾರದೇ ವೈಯಕ್ತಿಕ ವಿವರ ಕೇಳುವುದನ್ನೂ ಬಿಡಿ. 8(1)(ಜೆ) ಕಲಮಿನ ಕೆಳಗೆ ನಿರಾಕರಿಸುತ್ತಾರೆ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ಈ ಕಲಮು ಇನ್ನೂ ಬಿಗಿಯಾಗಿದೆ. 'ವಾಣಿಜ್ಯ ಗೌಪ್ಯತೆ' ಎಂಬ ನೆಪ ಬಂದರೆ ಮಾತ್ರ ಸೋಲಬೇಡಿ. ಟೆಂಡರ್ ನಡೆಯುತ್ತಿರುವಾಗ ಆ ಮಾತಿಗೆ ಬೆಲೆಯಿದೆ. ಕೆಲಸ ಮುಗಿದು ಸಾರ್ವಜನಿಕರ ದುಡ್ಡಿನಲ್ಲಿ ಬಿಲ್ ಪಾವತಿಯಾದ ಮೇಲೆ ಆ ನೆಪ ನಿಲ್ಲುವುದಿಲ್ಲ.

ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ 6(3) ಕಲಮಿನ ಪ್ರಕಾರ 5 ದಿನದಲ್ಲಿ ಅವರೇ ಸರಿಯಾದ ಕಚೇರಿಗೆ ವರ್ಗಾಯಿಸಬೇಕು. 30 ದಿನ ಕಳೆದರೂ ಉತ್ತರ ಬರದಿದ್ದರೆ ಅದನ್ನು ನಿರಾಕರಣೆ ಎಂದೇ ಹಿಡಿಯಬಹುದು. ಆಗ ಎರಡು ಕೆಲಸ: ತಡವಾದ್ದರಿಂದ ಮಾಹಿತಿಯನ್ನು ಉಚಿತವಾಗಿ ಕೊಡಬೇಕೆಂದು 7(6) ಕಲಮು ಉಲ್ಲೇಖಿಸಿ ಕೇಳುವುದು, ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕುವುದು. ಅವರು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ಅಧಿಕಾರಿಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಅಲ್ಲಿ ವಿಚಾರಣೆಗೆ ಬರಲು ಬಹಳ ಕಾಲ ಹಿಡಿಯುತ್ತದೆ. ಅದಕ್ಕೇ ಮೊದಲ ಮೇಲ್ಮನವಿಯನ್ನು ಗಟ್ಟಿಯಾಗಿ ಬರೆಯಿರಿ. ಅರ್ಜಿ ಸಂಖ್ಯೆ, ದಿನಾಂಕ, ಕೊಡದಿರುವ ದಾಖಲೆಯ ಹೆಸರು ಇವಿಷ್ಟೇ ಇರಲಿ, ಕೋಪ ಬೇಡ. ಬಹಳಷ್ಟು ಕಾಗದ ಈ ಹಂತದಲ್ಲೇ ಹೊರಬರುತ್ತದೆ.

ಬಂದ ಕಾಗದ ಓದುವುದು

ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಎಂಜಿನಿಯರುಗಳು ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕದಲ್ಲಿ ಪ್ರತಿ ಬಾಬತ್ತಿಗೆ ಉದ್ದ, ಅಗಲ, ದಪ್ಪ, ಗುಣಲಬ್ಧ ಬರೆದಿರುತ್ತಾರೆ. ಬಿಲ್ ಆಗುವುದು ಇದರ ಮೇಲೆಯೇ. ನಿಮ್ಮ ಟೇಪಿನ ಅಳತೆಗೂ ಇದಕ್ಕೂ ಶೇ 2-3 ವ್ಯತ್ಯಾಸ ಇದ್ದರೆ ಬಿಡಿ, ತಿರುವುಗಳಲ್ಲಿ ಅದು ಸಹಜ. ಅಗಲ 6 ಮೀಟರ್ ಇರುವಲ್ಲಿ 7.5 ಎಂದಿದ್ದರೆ ಬಿಡಬೇಡಿ. ಅಳತೆ ಬರೆದ ದಿನಾಂಕವನ್ನೂ, ಗುಣಮಟ್ಟ ಪರೀಕ್ಷೆಯ ದಿನಾಂಕವನ್ನೂ ಹೋಲಿಸಿ. ಕೆಲಸ ನಡೆಯುವ ಮೊದಲೇ ಪರೀಕ್ಷೆಯ ವರದಿ ಬಂದಿದ್ದರೆ ಅದು ಈ ರಸ್ತೆಯದ್ದಲ್ಲ.

ದೋಷ ಹೊಣೆಗಾರಿಕೆ ಅವಧಿಯ ಪುಟ ಚಿನ್ನದಂಥದ್ದು. ಕೆಲಸ ಮುಗಿದ ಮೇಲೆ ಕರಾರಿನಲ್ಲಿ ಹೇಳಿದಷ್ಟು ಕಾಲ ರಸ್ತೆ ಕೆಟ್ಟರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಅಲ್ಲಿಯವರೆಗೆ ಅವನ ಭದ್ರತಾ ಠೇವಣಿ ಪಾಲಿಕೆಯ ಬಳಿ ಇರುತ್ತದೆ. ಅವಧಿ ಮುಗಿಯುವ ಮೊದಲೇ ಫೋಟೊ, ದಿನಾಂಕ ಸಮೇತ ಲಿಖಿತ ದೂರು ಕೊಡಿ, ಠೇವಣಿ ಬಿಡುಗಡೆ ಮಾಡಬಾರದೆಂದು ಸ್ಪಷ್ಟವಾಗಿ ಬರೆಯಿರಿ. ಅವಧಿಯೊಳಗೇ ಅದೇ ರಸ್ತೆಗೆ ಹೊಸ ಟೆಂಡರ್ ಕರೆದಿದ್ದರೆ, ಒಂದೇ ಕೆಲಸಕ್ಕೆ ನೀವು ಎರಡು ಸಲ ದುಡ್ಡು ಕೊಡುತ್ತಿದ್ದೀರಿ ಎಂದರ್ಥ. ರಾಜ್ಯದ ಸಾರ್ವಜನಿಕ ಖರೀದಿ ಪೋರ್ಟಲ್ ಕೆಪಿಪಿಪಿಯಲ್ಲಿ ಹುಡುಕಿದರೆ ಇದು ಗೊತ್ತಾಗುತ್ತದೆ. ಟೆಂಡರೇ ಇಲ್ಲದೆ ಕೊಟ್ಟಿದ್ದರೆ ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯನ್ನು ಸಾಮಾನ್ಯವಾಗಿ ಪಡೆದಿರಬೇಕು. ಆ ವಿನಾಯಿತಿ ಆದೇಶವೂ ಕೇಳಬಹುದಾದ ದಾಖಲೆ.

ದಪ್ಪದ ಬಗ್ಗೆ ಗಟ್ಟಿ ಅನುಮಾನ ಇದ್ದರೆ, ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮು ಬಳಕೆಯಾದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ರಸ್ತೆಯಿಂದ ಕೊರೆದು ತೆಗೆದ ಡಾಂಬರಿನ ಸಿಲಿಂಡರಿನಲ್ಲಿ ಪದರದ ದಪ್ಪ ಸ್ಕೇಲ್ ಹಿಡಿದು ಓದಬಹುದು. ಇದಕ್ಕೆ ವಿರೋಧ ಬರುತ್ತದೆ. ಒಬ್ಬರೇ ಹೋಗುವ ಬದಲು ನಿವಾಸಿಗಳ ಸಂಘದ ಐದಾರು ಜನ ಹೋಗುವುದು ಒಳ್ಳೆಯದು. ಅರ್ಜಿ ಮಾತ್ರ ವ್ಯಕ್ತಿಯ ಹೆಸರಿನಲ್ಲೇ ಇರಲಿ. ಈ ಹಕ್ಕು ನಾಗರಿಕರದು, ಸಂಘದ ಲೆಟರ್‌ಹೆಡ್‌ನಲ್ಲಿ ಹಾಕಿದರೆ ತಾಂತ್ರಿಕ ತಕರಾರು ತೆಗೆಯುತ್ತಾರೆ.

ದಾಖಲೆಯಲ್ಲೇ ಸುಳ್ಳು ಕಂಡರೆ ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ದೂರು ಕೊಡಬಹುದು. ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿದ ಮೇಲೆ ಪೊಲೀಸ್ ಅಧಿಕಾರವೂ ಮತ್ತೆ ಲೋಕಾಯುಕ್ತದಲ್ಲೇ ಇದೆ.

ನಮ್ಮ ಕಡೆಯ ಕಾಗದ

ಪಾಲಿಕೆಗೆ ಲೆಕ್ಕ ಕೇಳುವವರ ಮನೆಯ ಲೆಕ್ಕವೂ ನೇರ ಇರಬೇಕು. ಇದು ನೀತಿಯ ಮಾತಷ್ಟೇ ಅಲ್ಲ. ದೂರು ಕೊಟ್ಟವರ ಮನೆಯ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ಸ್ವಂತ ವಾಸವೆಂದು ಘೋಷಿಸಿ ಬಾಡಿಗೆಗೆ ಕೊಟ್ಟ ಮಹಡಿ, ಕಡಿಮೆ ತೋರಿಸಿದ ಚದರಡಿ ಇವನ್ನೇ ಮೊದಲು ಹುಡುಕುತ್ತಾರೆ. ಆಸ್ತಿ ತೆರಿಗೆ ಸ್ವಯಂ ಘೋಷಣೆ ತಪ್ಪಿದ್ದರೆ ಅರ್ಜಿ ಹಾಕುವ ಮೊದಲು ತಿದ್ದಿ, ವ್ಯತ್ಯಾಸ ಕಟ್ಟಿಬಿಡಿ.

ಆದಾಯ ತೆರಿಗೆಯಲ್ಲಿ ಮಧ್ಯಮ ವರ್ಗವೇ ಪಕ್ಷ ರಾಜಕೀಯದ ಕೊಳೆಗೆ ಕೈಹಾಕುವ ಒಂದು ಜಾಗವಿದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಜಿಜಿಸಿ ಎಂದಿದ್ದ ಕಲಮಿನ ಪ್ರಕಾರ, ಹಳೇ ಪದ್ಧತಿಯಲ್ಲಿರುವವರು ರಾಜಕೀಯ ಪಕ್ಷಕ್ಕೆ ನಗದಲ್ಲದ ರೂಪದಲ್ಲಿ ಕೊಟ್ಟ ದೇಣಿಗೆಗೆ ಪೂರ್ತಿ ವಿನಾಯಿತಿ ಸಿಗುತ್ತದೆ. ಎಲ್ಲೂ ಚುನಾವಣೆಗೆ ನಿಲ್ಲದ, ಕಾಗದದ ಮೇಲೆ ಮಾತ್ರ ಇರುವ ಪಕ್ಷಗಳಿಗೆ ಬ್ಯಾಂಕಿನಿಂದ ದುಡ್ಡು ಕಳಿಸಿ, ಕಮಿಷನ್ ಮುರಿದುಕೊಂಡು ಉಳಿದದ್ದನ್ನು ನಗದಾಗಿ ವಾಪಸ್ ಕೊಡಿಸುವ ಮಧ್ಯವರ್ತಿಗಳಿದ್ದಾರೆ. ರೀಫಂಡ್ ಜಾಸ್ತಿ ಮಾಡಿಕೊಡುತ್ತೇವೆ ಎಂದು ಬರುವವರು ಮಾಡುವುದು ಸಾಮಾನ್ಯವಾಗಿ ಇದನ್ನೇ. ಇಲ್ಲವೇ ಸುಳ್ಳು ಬಾಡಿಗೆ ರಸೀದಿ. ಆದಾಯ ತೆರಿಗೆ ಇಲಾಖೆ ಇಂಥ ಕ್ಲೇಮುಗಳಿಗೆ ನೋಟಿಸ್ ಕೊಡುತ್ತಿದೆ. ತಪ್ಪು ಮಾಹಿತಿ ಎಂದು ತೀರ್ಮಾನವಾದರೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ. ಯಾರಾದರೂ ಹಾಗೆ ಹಾಕಿಕೊಟ್ಟಿದ್ದರೆ ನೋಟಿಸ್ ಬರುವ ಮೊದಲು ಐಟಿಆರ್-ಯು (ತಿದ್ದಿದ ರಿಟರ್ನ್) ಸಲ್ಲಿಸಿ ಸರಿಪಡಿಸಬಹುದು. ಸಂಬಂಧಪಟ್ಟ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 48 ತಿಂಗಳವರೆಗೆ ಅವಕಾಶವಿದೆ. ಮೊದಲ ವರ್ಷ ಹೆಚ್ಚುವರಿ ಶೇ 25, ನಾಲ್ಕನೆಯ ವರ್ಷಕ್ಕೆ ಶೇ 70, ಹಾಗಾಗಿ ಬೇಗ ಮಾಡಿದಷ್ಟೂ ಲಾಭ.

ಲಂಚದ ವಿಚಾರದಲ್ಲಿ ಕಾನೂನು ಬದಲಾಗಿದ್ದು ಅನೇಕರಿಗೆ ಗೊತ್ತಿಲ್ಲ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ಮಾತ್ರ ರಕ್ಷಣೆ. ಖಾತಾದಂಥ ಸೇವೆಗೆ ಅರ್ಜಿ ಹಾಕುವಾಗ ಸಕಾಲದ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡಿಸುವ ಯೋಜನೆ) ಅರ್ಜಿ ಸಂಖ್ಯೆ, ಅಂದರೆ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20ರಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ದುಡ್ಡು ಚಿಕ್ಕದು, ಆದರೆ ತಡ ಮಾಡಿದವರ ಹೆಸರು ದಾಖಲೆಗೆ ಸೇರುತ್ತದೆ.

ಅಭ್ಯರ್ಥಿಯನ್ನು, ಪಕ್ಷವನ್ನು ಕಾಗದದಲ್ಲೇ ಕೇಳುವುದು

ಅಭ್ಯರ್ಥಿಗಳ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾಭ್ಯಾಸದ ವಿವರ ನಮೂನೆ 26ರ ಪ್ರಮಾಣಪತ್ರದಲ್ಲಿ ಇರುತ್ತದೆ. ಚುನಾವಣಾ ಆಯೋಗದ ತಾಣದಲ್ಲೂ, ಅದರ ಆ್ಯಪ್‌ನಲ್ಲೂ ಸಿಗುತ್ತದೆ. ಒಂದೇ ಸಲದ ಪ್ರಮಾಣಪತ್ರ ಹೆಚ್ಚೇನೂ ಹೇಳುವುದಿಲ್ಲ. ಅದೇ ವ್ಯಕ್ತಿಯ ಹಿಂದಿನ ಚುನಾವಣೆಯದನ್ನು ಪಕ್ಕಕ್ಕಿಟ್ಟು ಐದು ವರ್ಷದಲ್ಲಿ ಆಸ್ತಿ ಎಷ್ಟು ಬೆಳೆಯಿತು, ತೋರಿಸಿದ ಆದಾಯಕ್ಕೆ ಅದು ಹೊಂದುತ್ತದೆಯೇ ನೋಡಿ. ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ಆದೇಶದಂತೆ, ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ ಇವರನ್ನೇ ಏಕೆ ಆರಿಸಿದೆವು ಎಂದು ಪಕ್ಷ ಬರೆದು ಪ್ರಕಟಿಸಬೇಕು. ಆ ಪುಟ ಓದಿ. ಎಲ್ಲ ಪಕ್ಷಗಳೂ 'ಜನಪ್ರಿಯರು, ಸಮಾಜಸೇವಕರು' ಎಂದು ಒಂದೇ ಒಕ್ಕಣೆ ಬರೆಯುವುದು ನಮ್ಮ ಕಡೆಯಿಂದ ಯಾರೂ ಮರುಪ್ರಶ್ನೆ ಹಾಕದ್ದರಿಂದ. ಮತ ಕೇಳಲು ಮನೆ ಬಾಗಿಲಿಗೆ ಬಂದಾಗ ಮುದ್ರಿಸಿದ ಪುಟ ಕೈಲಿರಲಿ.

ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಫಲಿತಾಂಶ ಬಂದ 30 ದಿನದಲ್ಲಿ ಪ್ರತಿ ಅಭ್ಯರ್ಥಿ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು, ಅದನ್ನು ಸಾರ್ವಜನಿಕರು ನೋಡಬಹುದು. ಗೆದ್ದವರ ಕೈಗೆ ಬರುವ ಕ್ಷೇತ್ರಾಭಿವೃದ್ಧಿ ನಿಧಿ ಸಂಸದರಿಗೆ ವರ್ಷಕ್ಕೆ 5 ಕೋಟಿ, ಕರ್ನಾಟಕದ ಶಾಸಕರಿಗೆ 2 ಕೋಟಿ. ಕಾಮಗಾರಿಗಳ ಪಟ್ಟಿ ಜಿಲ್ಲಾಧಿಕಾರಿ ಕಚೇರಿಯಲ್ಲಿರುತ್ತದೆ, ಮೇಲಿನ ಅರ್ಜಿಯ ಒಕ್ಕಣೆಯೇ ಇಲ್ಲೂ ನಡೆಯುತ್ತದೆ.

ಇಷ್ಟೂ ಮಾಡಿ ಮತದಾನದ ದಿನ ಪಟ್ಟಿಯಲ್ಲಿ ಹೆಸರಿಲ್ಲ ಎಂದಾಗಬಾರದು. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ 73 ಮುಟ್ಟಿದಾಗ ಬೆಂಗಳೂರಿನ ಹಲವು ಕ್ಷೇತ್ರಗಳು ಶೇ 55ರ ಆಸುಪಾಸಿನಲ್ಲೇ ನಿಂತವು. ಇದಕ್ಕೆ ಬರೀ ಉದಾಸೀನ ಕಾರಣವಲ್ಲ. ಬಾಡಿಗೆ ಮನೆ ಬದಲಿಸಿದವರು, ಎರಡು ಕಡೆ ಹೆಸರು ಇರುವವರು, ತೀರಿಕೊಂಡವರು ಪಟ್ಟಿಯಲ್ಲಿ ಹಾಗೇ ಉಳಿದಿರುತ್ತಾರೆ. ಹೊಸ ಹೆಸರಿಗೆ ನಮೂನೆ 6, ತೆಗೆಸಲು 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ 8. ಮನೆ ಬದಲಿಸಿದವರು ಮತ್ತೆ 6 ತುಂಬುವುದು ಸಾಮಾನ್ಯ ತಪ್ಪು. ಅದರಿಂದಲೇ ಎರಡು ಕಡೆ ಹೆಸರು ಸೇರುತ್ತದೆ. 18 ತುಂಬುವ ಮಕ್ಕಳಿಗೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ಪಾಲಿಕೆ ಚುನಾವಣೆಗೆ ವಿಧಾನಸಭೆಯ ಪಟ್ಟಿಯನ್ನೇ ವಾರ್ಡುವಾರು ವಿಂಗಡಿಸುತ್ತಾರೆ. ಗಡಿ ಬದಲಾದಾಗ ಒಂದೇ ಬೀದಿಯ ಎದುರುಬದುರು ಮನೆಗಳು ಬೇರೆ ವಾರ್ಡಿಗೆ ಹೋಗುತ್ತವೆ. ಕರಡು ಪಟ್ಟಿ ಬಂದ ವಾರವೇ ನೋಡಿ ಆಕ್ಷೇಪಣೆ ಸಲ್ಲಿಸಬೇಕು.

ಪದವೀಧರರಿಗೆ ಇನ್ನೊಂದು ಮತವಿದೆ, ಓದಿದವರ ಮನೆಗಳಲ್ಲೇ ಇದು ಹೆಚ್ಚು ವ್ಯರ್ಥವಾಗುವುದು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರ ಕ್ಷೇತ್ರಗಳು. ಅರ್ಹತಾ ದಿನವಾದ ನವೆಂಬರ್ 1ಕ್ಕೆ ಪದವಿ ಪಡೆದು ಕನಿಷ್ಠ ಮೂರು ವರ್ಷ ಆಗಿರಬೇಕು, ಆ ಕ್ಷೇತ್ರದ ನಿವಾಸಿಯಾಗಿರಬೇಕು. ನಮೂನೆ 18ರ ಜೊತೆ ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿ ಇಡಬೇಕು. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿಯೇ ತಯಾರಿಸುತ್ತಾರೆ. ಕಳೆದ ಸಲ ಮತ ಹಾಕಿದ್ದವರೂ ಮತ್ತೆ ಅರ್ಜಿ ಕೊಡಬೇಕು, ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೂ ಇಲ್ಲಿಗೆ ತಾನಾಗಿ ಬರುವುದಿಲ್ಲ. ನಮ್ಮ ಕ್ಷೇತ್ರದ ಚುನಾವಣೆ ಯಾವ ವರ್ಷ ಎಂದು ನೋಡಿಕೊಂಡು, ಅದರ ಹಿಂದಿನ ಅಕ್ಟೋಬರ್-ನವೆಂಬರ್‌ನಲ್ಲಿ ಮನೆಯ ಪದವೀಧರರ ಅರ್ಜಿಗಳನ್ನೆಲ್ಲ ತಾಲ್ಲೂಕು ಕಚೇರಿಗೋ ಪಾಲಿಕೆಯ ನಿಗದಿತ ಕಚೇರಿಗೋ ಸಲ್ಲಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.